ಒಂದು ಮಳೆಗಾಲ ದಾಟಿದ ಮೇಲೆ ರಾಜೀನಾಮೆ: ನೌಕರಿ ಬಿಟ್ಟು ಸ್ವಂತ ಉದ್ಯಮಕ್ಕೆ ಇಳಿಯುವವರಿಗೆ

ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಹೊಸ ಅಂಗಡಿ, ಹೋಟೆಲುಗಳ ‘ಶುಭಾರಂಭ’ದ ಫ್ಲೆಕ್ಸುಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ದೀಪಾವಳಿ ಮತ್ತು ಏಪ್ರಿಲ್ ನಡುವಿನ ಬಿಸು, ಅಂದರೆ ತುಳುವರ ಯುಗಾದಿಯ ನಡುವಿನ ತಿಂಗಳುಗಳಲ್ಲಿ. ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ನೇಮ, ಕಂಬಳ, ಬಯಲಾಟ ಎಲ್ಲವೂ ಆ ಅವಧಿಯಲ್ಲೇ ನಡೆಯುವುದರಿಂದ ಜನರು ಮನೆಯಿಂದ ಹೊರಗಿರುತ್ತಾರೆ, ಕೈಯಿಂದ ಕೈಗೆ ಹಣ ಓಡಾಡುತ್ತಿರುತ್ತದೆ. ಡಿಸೆಂಬರಿನಲ್ಲಿ ತೆರೆದ ವ್ಯಾಪಾರ ಮಾರ್ಚ್ ಹೊತ್ತಿಗೆ ಕೈಹಿಡಿದಂತೆ ಕಾಣುತ್ತದೆ, ಮಾಲೀಕ ಏಪ್ರಿಲಿನಲ್ಲಿ ಧೈರ್ಯ ಮಾಡಿ ನೌಕರಿಗೆ ರಾಜೀನಾಮೆ ಕೊಡುತ್ತಾನೆ, ಜುಲೈಯಲ್ಲಿ ಅದೇ ಅಂಗಡಿಯ ಷಟರು ಅರ್ಧ ಇಳಿದಿರುತ್ತದೆ. ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹದಿಮೂರು ವರ್ಷ ದುಡಿದು, ಈಗ ನಾಲ್ಕು ವರ್ಷಗಳಿಂದ ಕಾಪು ಸಮೀಪ ಕೋರಿರೊಟ್ಟಿ (ಕೋಳಿ ಸಾರಿನೊಂದಿಗೆ ತಿನ್ನುವ ಗರಿಗರಿ ಅಕ್ಕಿರೊಟ್ಟಿ) ತಯಾರಿಸುವ ಸಣ್ಣ ಘಟಕ ನಡೆಸುತ್ತಿರುವ ನಾನು ಈ ಬರಹದಲ್ಲಿ ಹೇಳಲಿರುವುದೆಲ್ಲ ಒಂದೇ ಮಾತಿನ ಸುತ್ತ ಸುತ್ತುತ್ತದೆ: ನಿಮ್ಮ ಲೆಕ್ಕವು ಕರಾವಳಿಯ ಒಂದು ಪೂರ್ತಿ ಮಳೆಗಾಲವನ್ನು ಕಾಗದದ ಮೇಲಲ್ಲ, ನಿಜವಾಗಿ ದಾಟಿ ಬರುವವರೆಗೆ ಸಂಬಳದ ಕೆಲಸವನ್ನು ಬಿಡಬೇಡಿ.

ಮೊದಲು ಮನೆಯ ಲೆಕ್ಕ

ಉದ್ಯಮದ ಬಂಡವಾಳವನ್ನು ಕೂಡಿಸುವ ಮೊದಲು ಮನೆಯ ಖರ್ಚನ್ನು ಬರೆದಿಡಬೇಕು. ಕಳೆದ ಹನ್ನೆರಡು ತಿಂಗಳ ಬ್ಯಾಂಕ್ ಪಾಸ್‌ಪುಸ್ತಕವನ್ನು ಮುಂದಿಟ್ಟುಕೊಂಡು, ಮಕ್ಕಳ ಶಾಲಾ ಶುಲ್ಕ, ಮನೆ ಸಾಲದ ಕಂತು, ಹೆತ್ತವರ ಔಷಧಿ, ವಿಮೆಯ ಕಂತು, ಮದುವೆ ಉಪನಯನಗಳ ಉಡುಗೊರೆ, ದೈವ ದೇವರ ಕಾರ್ಯದ ವಂತಿಗೆ ಇವೆಲ್ಲವನ್ನೂ ಸೇರಿಸಿ ತಿಂಗಳ ಸರಾಸರಿಯನ್ನು ಕಂಡುಕೊಂಡರೆ, ಸಾಮಾನ್ಯವಾಗಿ ನಾವು ಬಾಯಲ್ಲಿ ಹೇಳುವ ಮೊತ್ತಕ್ಕಿಂತ ಅದು ಸಾಕಷ್ಟು ಹೆಚ್ಚಿರುತ್ತದೆ. ನನ್ನ ಅಂದಾಜು ಇಪ್ಪತ್ತೆರಡು ಸಾವಿರವಾಗಿತ್ತು. ಪಾಸ್‌ಪುಸ್ತಕ ಹೇಳಿದ್ದು ಮೂವತ್ತು ಸಾವಿರ. ಈ ಮೊತ್ತದ ಹನ್ನೆರಡು ಪಟ್ಟು ಹಣವನ್ನು ಉದ್ಯಮದ ಖಾತೆಗೆ ಸಂಬಂಧವಿಲ್ಲದ ಬೇರೆ ಖಾತೆಯಲ್ಲಿ, ಸಾಧ್ಯವಾದರೆ ಮನೆಯ ಇನ್ನೊಬ್ಬರ ಹೆಸರಿನಲ್ಲಿ, ಇಟ್ಟುಬಿಡಬೇಕು. ಆರು ತಿಂಗಳ ಖರ್ಚು ಸಾಕೆಂಬ ಸಲಹೆ ಬೇರೆ ಊರುಗಳಿಗೆ ಒಪ್ಪಬಹುದು. ನಮ್ಮಲ್ಲಿ ಮೇ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ವ್ಯಾಪಾರ ಮಂಕಾಗಿ, ದಸರೆಯ ಹೊತ್ತಿಗೆ ಚೇತರಿಸಿಕೊಂಡು, ಬಾಕಿ ವಸೂಲಾಗುವಾಗ ಡಿಸೆಂಬರ್ ಆಗಿರುತ್ತದೆ. ಹಾಗಾಗಿ ಆರು ತಿಂಗಳ ಹಣವು ಸರಿಯಾಗಿ ಬೇಕಾದ ಹೊತ್ತಿಗೆ ಮುಗಿದುಹೋಗುತ್ತದೆ.

ನೌಕರಿಯಲ್ಲಿರುವಾಗಲೇ ಮುಗಿಸಿಕೊಳ್ಳಬೇಕಾದ ಎರಡು ಕೆಲಸಗಳಿವೆ. ಮೊದಲನೆಯದು ಆರೋಗ್ಯ ವಿಮೆ. ಕಂಪೆನಿಯ ಗುಂಪು ವಿಮೆ ನೀವು ಹೊರಬಂದ ದಿನವೇ ನಿಲ್ಲಬಹುದು. ಹೊಸದಾಗಿ ಮಾಡಿಸುವ ವೈಯಕ್ತಿಕ ವಿಮೆಯಲ್ಲಿ ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯುವ ಅವಧಿ ಇರಬಹುದಾದ್ದರಿಂದ, ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರುವ ಮನೆಗಳಲ್ಲಿ ಈ ವಿಮೆಯನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. ಎರಡನೆಯದು, ಮನೆ ರಿಪೇರಿಗೋ ವಾಹನಕ್ಕೋ ಸಾಲ ಬೇಕಾಗುವ ಸಂಭವವಿದ್ದರೆ ಅದನ್ನು ಸಂಬಳದ ಚೀಟಿ ಕೈಯಲ್ಲಿರುವಾಗಲೇ ಪಡೆಯುವುದು. ಸ್ವಂತ ಉದ್ಯೋಗಿಯಾದ ಮೇಲೆ ಬ್ಯಾಂಕಿನವರು ಎರಡು ಮೂರು ವರ್ಷಗಳ ಆದಾಯ ತೆರಿಗೆ ರಿಟರ್ನ್ ಕೇಳುತ್ತಾರೆ, ಮೊದಲ ವರ್ಷದಲ್ಲಿ ತೋರಿಸಲು ನಿಮ್ಮಲ್ಲಿ ಏನೂ ಇರುವುದಿಲ್ಲ.

ಗುರುತಿಲ್ಲದವರು ಎರಡನೆಯ ಸಲ ಕೊಳ್ಳಬೇಕು

ವೃತ್ತಿ ಬದಲಾಯಿಸುವುದೆಂದರೆ ಹಳೆಯದನ್ನು ಒಂದು ಬೆಳಗ್ಗೆ ಕಳಚಿಡುವುದು ಎಂದು ತಿಳಿಯಬೇಕಾಗಿಲ್ಲ. ಈ ಜಿಲ್ಲೆಗಳ ದೊಡ್ಡ ಸಂಸ್ಥೆಗಳನ್ನು ಕಟ್ಟಿದವರಲ್ಲಿ ಹಲವರು ಬೇರೆ ವೃತ್ತಿಯವರೇ ಆಗಿದ್ದರು. 1906ರಲ್ಲಿ ಮಂಗಳೂರಿನಲ್ಲಿ ಮುಂದೆ ಕೆನರಾ ಬ್ಯಾಂಕ್ ಆದ ನಿಧಿಯನ್ನು ಸ್ಥಾಪಿಸಿದ ಅಮ್ಮೆಂಬಳ ಸುಬ್ಬರಾವ್ ಪೈ ವಕೀಲರು. 1925ರಲ್ಲಿ ಉಡುಪಿಯಲ್ಲಿ, ಸಂಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗಲೆಂದು ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯ ಮೂವರು ಸ್ಥಾಪಕರಲ್ಲಿ ಉಪೇಂದ್ರ ಪೈ ವ್ಯಾಪಾರಿ, ವಾಮನ ಕುಡ್ವ ಇಂಜಿನಿಯರ್, ಟಿ.ಎಂ.ಎ. ಪೈ ವೈದ್ಯರು. ಹಳೆಯ ವೃತ್ತಿ ಕೊಟ್ಟ ಜನಸಂಪರ್ಕ, ಶಿಸ್ತು, ನಂಬಿಕೆಗಳನ್ನು ಹೊಸ ಕೆಲಸಕ್ಕೆ ಹೇಗೆ ತಿರುಗಿಸಿಕೊಳ್ಳಬಹುದು ಎಂಬುದನ್ನೇ ಮೊದಲು ಯೋಚಿಸಬೇಕು. ನನ್ನ ಪಾಲಿಗೆ ಅದು ಲೆಕ್ಕ ಬರೆಯುವ ಅಭ್ಯಾಸವಾಗಿತ್ತು. ರೊಟ್ಟಿ ಮಾಡುವ ವಿದ್ಯೆ ಖಂಡಿತ ಅಲ್ಲ.

ಆ ವಿದ್ಯೆಯನ್ನು ಕಲಿಯಲು ನಾನು ಕಟಪಾಡಿ ಬಳಿ ಬಹಳ ವರ್ಷಗಳಿಂದ ರೊಟ್ಟಿ ಮಾಡಿ ಮಾರುತ್ತಿದ್ದ ಹಿರಿಯ ಮಹಿಳೆಯೊಬ್ಬರ ಕೊಟ್ಟಿಗೆಯಲ್ಲಿ ಒಂಬತ್ತು ಭಾನುವಾರ ಕಳೆದೆ. ಕಾವಲಿಗೆ ಬೆರಳಿನಿಂದ ನೀರು ಚಿಮುಕಿಸಿ, ಅದು ಚುಂಯ್ ಎಂದು ಸದ್ದು ಮಾಡುವ ರೀತಿಯಿಂದಲೇ ಕಾವು ಹೆಚ್ಚೋ ಕಡಿಮೆಯೋ ಎಂದು ಅವರು ಹೇಳುತ್ತಿದ್ದರು. ಮೊದಲ ಮೂರು ಭಾನುವಾರ ನನಗೆ ಎಲ್ಲ ಸದ್ದೂ ಒಂದೇ ಆಗಿ ಕೇಳಿಸಿತು. ಹಿಟ್ಟು ಒಂದು ಸೌಟು ಹೆಚ್ಚಾದರೆ ರೊಟ್ಟಿಯ ನಡುಭಾಗ ಹಸಿಯಾಗಿ ಉಳಿದು ನಾಲ್ಕನೆಯ ದಿನಕ್ಕೆ ವಾಸನೆ ಬರುತ್ತದೆಂಬುದನ್ನು ಯಾವ ಪ್ರಾಜೆಕ್ಟ್ ವರದಿಯೂ ನನಗೆ ತಿಳಿಸಿಕೊಡುತ್ತಿರಲಿಲ್ಲ. ಇಳಿಯಬೇಕೆಂದಿರುವ ವ್ಯಾಪಾರದಲ್ಲಿ ಮೊದಲು ಇನ್ನೊಬ್ಬರ ಬಳಿ, ಕೂಲಿ ಇಲ್ಲದೆಯಾದರೂ, ದುಡಿಯಿರಿ. ಅಂಥ ಪರಿಚಯವಿಲ್ಲದವರಿಗೆ ಉಜಿರೆಯ ರುಡ್‌ಸೆಟ್ ಸಂಸ್ಥೆ ಇದೆ, ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಲ್ಲಿ 1982ರಲ್ಲಿ ಆರಂಭವಾದ ಇದು ಊಟ ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ. ದೇಶದಾದ್ಯಂತ ಇರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಮಾದರಿಯಾದದ್ದು ಇದೇ. ಉಡುಪಿ ಕಡೆಯವರಿಗೆ ಬ್ರಹ್ಮಾವರದ ಸಂಸ್ಥೆ ಹತ್ತಿರ.

ಕಲಿತ ಮೇಲೆ ಮಾರಿ ನೋಡಬೇಕು, ಅದೂ ಗುರುತಿಲ್ಲದವರಿಗೆ. ನಮ್ಮ ಊರುಗಳಲ್ಲಿ ಹೊಸ ಉದ್ಯಮಿಯನ್ನು ಮೊದಲು ದಾರಿ ತಪ್ಪಿಸುವುದು ದಾಕ್ಷಿಣ್ಯದ ಖರೀದಿ. ನೆಂಟರು, ಹಳೆಯ ಸಹೋದ್ಯೋಗಿಗಳು, ಸಮಾಜದ ಸಂಘದವರು, ದೇವಸ್ಥಾನದ ಸಮಿತಿಯವರು ಮೊದಲ ಎರಡು ಮೂರು ತಿಂಗಳು ಪ್ರೀತಿಯಿಂದ ಕೊಳ್ಳುತ್ತಾರೆ, ಹೊಗಳುತ್ತಾರೆ, ಆಮೇಲೆ ಸದ್ದಿಲ್ಲದೆ ತಮ್ಮ ಹಳೆಯ ಅಂಗಡಿಗೆ ಮರಳುತ್ತಾರೆ. ಆದ್ದರಿಂದ ಪ್ರಯೋಗದ ಲೆಕ್ಕಪುಸ್ತಕದಲ್ಲಿ ಪರಿಚಿತರ ಖರೀದಿಗೆ ಪ್ರತ್ಯೇಕ ಕಾಲಂ ಮಾಡಿ, ತೀರ್ಮಾನ ಮಾಡುವಾಗ ಅದನ್ನು ಪೂರ್ತಿ ಬಿಟ್ಟುಬಿಡಿ. ನಾನು ವಾರಕ್ಕೆ ನೂರು ಕಟ್ಟು ರೊಟ್ಟಿಯನ್ನು ಆ ಹಿರಿಯರಿಂದಲೇ ಮಾಡಿಸಿ, ಸುರತ್ಕಲ್‌ನಿಂದ ಬ್ರಹ್ಮಾವರದವರೆಗೆ ಗುರುತಿಲ್ಲದ ಎಂಟು ಅಂಗಡಿಗಳಿಗೆ ಹಾಕಿದೆ. ಮೊದಲ ಸಲ ತೆಗೆದುಕೊಳ್ಳಲು ಯಾರೂ ಹೆಚ್ಚು ತಕರಾರು ಮಾಡುವುದಿಲ್ಲ. ಹದಿನೈದು ದಿನದ ಮೇಲೆ ಅಂಗಡಿಯಾತನೇ ಫೋನ್ ಮಾಡಿ ‘ರೊಟ್ಟಿ ಮುಗಿದಿದೆ’ ಎನ್ನುತ್ತಾನೆಯೇ ಎಂಬುದೊಂದೇ ಪರೀಕ್ಷೆ. ಎಂಟರಲ್ಲಿ ಮೂವರು ಫೋನ್ ಮಾಡಿದರು. ಆ ಮೂರರಲ್ಲಿ ಎರಡು ಅಂಗಡಿಗಳು ಕೋಳಿ ಅಂಗಡಿಯ ಪಕ್ಕದಲ್ಲಿದ್ದವು. ಇದು ಮುಂದೆ ಎಲ್ಲೆಲ್ಲಿ ರೊಟ್ಟಿ ಹಾಕಬೇಕು ಎಂಬ ನನ್ನ ಇಡೀ ಯೋಜನೆಯನ್ನೇ ಬದಲಾಯಿಸಿತು.

ಹೊಸ ವಸ್ತುವನ್ನು ಮಾರುವವರು ಗಮನಿಸಬೇಕಾದ ಇನ್ನೊಂದು ಉದಾಹರಣೆ ದಕ್ಷಿಣ ಕನ್ನಡ ಮೂಲದ ರಘುನಂದನ ಕಾಮತರದು. ಮುಂಬೈಯಲ್ಲಿ ಅಣ್ಣನ ಹೋಟೆಲಿನಲ್ಲಿ ದುಡಿದು ವ್ಯಾಪಾರ ಕಲಿತ ಅವರು 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ಆರಂಭಿಸಿದಾಗ, ಬರೀ ಹಣ್ಣಿನ ಐಸ್‌ಕ್ರೀಮಿಗಾಗಿ ಜನ ಬರುವುದಿಲ್ಲವೆಂದು ಜೊತೆಗೆ ಪಾವ್‌ಭಾಜಿ ಮಾರಿದರು. ಖಾರದ ಪಾವ್‌ಭಾಜಿ ತಿಂದವರು ತಂಪಿಗೆ ಐಸ್‌ಕ್ರೀಮ್ ತಿಂದರು. ಜನರಿಗೆ ಗೊತ್ತಿರುವ ಪದಾರ್ಥದ ಬೆನ್ನಿಗೆ ಗೊತ್ತಿಲ್ಲದ್ದನ್ನು ಮಾರುವ ಈ ಉಪಾಯಕ್ಕೆ ಜಾಹೀರಾತಿನ ಖರ್ಚಿಲ್ಲ.

ಪ್ರಯೋಗ ಮಾಡುವ ಮೊದಲು ನಿಮ್ಮ ನೇಮಕಾತಿ ಪತ್ರವನ್ನು ಇನ್ನೊಮ್ಮೆ ಓದಿ. ಅನ್ಯ ಉದ್ಯೋಗ ಮಾಡಬಾರದೆಂಬ ಕಲಮು ಬಹುತೇಕ ಖಾಸಗಿ ಸಂಸ್ಥೆಗಳ ಪತ್ರದಲ್ಲಿರುತ್ತದೆ, ಸರಕಾರಿ ನೌಕರರಿಗಂತೂ ನಡತೆ ನಿಯಮಗಳೇ ಅಡ್ಡ ಬರುತ್ತವೆ. ಮೇಲಧಿಕಾರಿಗೆ ತಿಳಿಸಿ ಲಿಖಿತ ಅನುಮತಿ ಪಡೆದವರು ಪಶ್ಚಾತ್ತಾಪ ಪಟ್ಟದ್ದನ್ನು ನಾನು ಕಂಡಿಲ್ಲ. ಹೆಂಡತಿಯ ಹೆಸರಿನಲ್ಲಿ ಬೋರ್ಡು ಹಾಕಿ ಗುಟ್ಟಾಗಿ ನಡೆಸುವುದು ನಮ್ಮಲ್ಲಿ ಸಾಮಾನ್ಯವಾದರೂ, ಮಂಗಳೂರಿನಂಥ ಎಲ್ಲರೂ ಎಲ್ಲರಿಗೂ ನೆಂಟರಾಗಿರುವ ಊರಿನಲ್ಲಿ ಗುಟ್ಟು ಒಂದು ತಿಂಗಳು ಉಳಿದರೆ ಹೆಚ್ಚು.

ಒಂದು ಕಟ್ಟಿನ ಲೆಕ್ಕ

ಲಾಭವಿದೆ ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕೂ ಒಂದು ಕಟ್ಟಿನ ಲೆಕ್ಕ ಹಾಕುವುದಕ್ಕೂ ಬಹಳ ಅಂತರವಿದೆ. ನಾನು ಆರಂಭಿಸಿದಾಗಿನ ಲೆಕ್ಕವನ್ನು ಸುಲಭವಾಗಲೆಂದು ಸ್ವಲ್ಪ ದುಂಡು ಮಾಡಿ ಇಲ್ಲಿಡುತ್ತೇನೆ. ನಿಮ್ಮ ಪದಾರ್ಥ ಬೇರೆಯಾಗಿದ್ದರೂ ಲೆಕ್ಕದ ಕ್ರಮ ಇದೇ. ಅರ್ಧ ಕಿಲೋ ರೊಟ್ಟಿಯ ಕಟ್ಟಿನ ಗರಿಷ್ಠ ಮಾರಾಟ ಬೆಲೆ 80 ರೂಪಾಯಿ. ಅಂಗಡಿಯವನ ಪಾಲು ಶೇಕಡಾ 20, ಅಂದರೆ 16 ರೂಪಾಯಿ ಹೋದರೆ ನನ್ನ ಕೈಗೆ ಬರುವುದು 64. ಅದರಲ್ಲಿ ಅಕ್ಕಿ ಉಪ್ಪಿಗೆ 24, ಗ್ಯಾಸ್ ಮತ್ತು ಕರೆಂಟಿಗೆ 7, ಕೂಲಿ 12, ಪ್ಯಾಕಿಂಗಿಗೆ 5, ಸಾಗಾಟಕ್ಕೆ 4, ಮುರಿದದ್ದು ಮತ್ತು ಅಂಗಡಿಯಿಂದ ಹಿಂತಿರುಗಿ ಬಂದದ್ದಕ್ಕೆ 4, ಒಟ್ಟು 56 ರೂಪಾಯಿ ಹೋಗಿ ಉಳಿಯುವುದು 8 ರೂಪಾಯಿ. ಈ ಎಂಟು ರೂಪಾಯಿಯನ್ನೇ ಲಾಭವೆಂದುಕೊಳ್ಳುವವರು ಹಾಳಾಗುತ್ತಾರೆ, ಏಕೆಂದರೆ ಅದರಿಂದಲೇ ಶೆಡ್ಡಿನ ಬಾಡಿಗೆ 9,000, ಸಾಲದ ಕಂತು 8,000, ಫೋನು, ಲೆಕ್ಕಪರಿಶೋಧಕರ ಫೀಸು ಮುಂತಾದ ಚಿಲ್ಲರೆ 3,000 ಹಾಗೂ ಮನೆಯ ಖರ್ಚು 30,000 ಹುಟ್ಟಬೇಕು. ಒಟ್ಟು 50,000ವನ್ನು ಎಂಟರಿಂದ ಭಾಗಿಸಿದರೆ ತಿಂಗಳಿಗೆ 6,250 ಕಟ್ಟು, ಇಪ್ಪತ್ತೈದು ದಿನದ ಕೆಲಸವಾದರೆ ದಿನಕ್ಕೆ 250 ಕಟ್ಟು. ಒಂದು ಅಂಗಡಿಯಲ್ಲಿ ದಿನಕ್ಕೆ ಐದು ಕಟ್ಟು ಹೋದರೆ ಐವತ್ತು ಅಂಗಡಿ ಬೇಕು. ಎಂಟು ಅಂಗಡಿಯಲ್ಲಿ ಮೂರು ಉಳಿದ ನನ್ನ ಪ್ರಯೋಗದ ಪ್ರಕಾರ, ಐವತ್ತು ಅಂಗಡಿ ಉಳಿಯಬೇಕಾದರೆ ಸುಮಾರು ನೂರ ಮೂವತ್ತು ಅಂಗಡಿಗಳ ಮೆಟ್ಟಿಲು ಹತ್ತಬೇಕಾಗಿತ್ತು. ಈ ಸಂಖ್ಯೆಯನ್ನು ನೋಡಿ ನಾನು ರಾಜೀನಾಮೆಯನ್ನು ಒಂದು ವರ್ಷ ಮುಂದೂಡಿದೆ.

ಇಲ್ಲಿಗೂ ಮುಗಿಯಲಿಲ್ಲ, ಉದ್ರಿಯ ಲೆಕ್ಕ ಬೇರೆಯೇ ಇದೆ. ಕಿರಾಣಿ ಅಂಗಡಿಯವರು ಹೊಸಬರಿಗೆ ‘ಮಾರಿದ ಮೇಲೆ ಹಣ’ ಎನ್ನುತ್ತಾರೆ. ದಿನಕ್ಕೆ 250 ಕಟ್ಟನ್ನು 64 ರೂಪಾಯಿಯಂತೆ ಹಾಕಿದರೆ ದಿನದ ಮಾಲು 16,000 ರೂಪಾಯಿಯದ್ದು. ಇಪ್ಪತ್ತು ದಿನದ ಮಾಲಿನ ಬಾಕಿ ಅಂಗಡಿಗಳಲ್ಲಿ ನಿಂತರೆ 3,20,000 ರೂಪಾಯಿ ನನ್ನದಾಗಿದ್ದೂ ನನ್ನ ಕೈಯಲ್ಲಿಲ್ಲ, ಆದರೆ ಅಕ್ಕಿ ಮಂಡಿಯವನಿಗೆ ಮತ್ತು ಶನಿವಾರದ ಬಟವಾಡೆಗೆ ನಗದೇ ಬೇಕು. ಲಾಭದಲ್ಲಿದ್ದೂ ಮುಚ್ಚಿಹೋಗುವ ಸಣ್ಣ ಉದ್ಯಮಗಳು ಮುಚ್ಚುವುದು ಈ ಜಾಗದಲ್ಲೇ. ಯಂತ್ರಕ್ಕೆ ಸಾಲ ಕೇಳುವಾಗ ದುಡಿಯುವ ಬಂಡವಾಳವನ್ನೂ ಸೇರಿಸಿಯೇ ಕೇಳಬೇಕು, ಇಲ್ಲವಾದರೆ ಹೊಸ ಯಂತ್ರದ ಮುಂದೆ ಅಕ್ಕಿ ಇಲ್ಲದೆ ಕೂರಬೇಕಾಗುತ್ತದೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಉತ್ಪಾದಕನಿಗೆ ಖರೀದಿದಾರನು ಲಿಖಿತ ಕರಾರಿದ್ದರೆ ಹೆಚ್ಚೆಂದರೆ 45 ದಿನದೊಳಗೆ, ಕರಾರಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೊಡ್ಡ ಖರೀದಿದಾರರ ಮುಂದೆ ಈ ಕಾಯ್ದೆಯನ್ನು ನೆನಪಿಸುವುದು ಫಲ ಕೊಡುತ್ತದೆ. ಮೂಲೆಯ ಅಂಗಡಿಯ ಶೆಟ್ಟರಿಗೋ ಪೂಜಾರಿಯವರಿಗೋ ಕಾಯ್ದೆ ತೋರಿಸಿದರೆ ಮರುದಿನ ನಿಮ್ಮ ರೊಟ್ಟಿ ಕೆಳಗಿನ ಶೆಲ್ಫಿಗೆ ಹೋಗುತ್ತದೆ ಅಷ್ಟೆ. ಅವರಲ್ಲಿ ನಾನು ಬಳಸುವ ಉಪಾಯ ಸರಳವಾದದ್ದು: ಹಿಂದಿನ ಕಂತಿನ ಹಣ ಬಂದ ಮೇಲೆಯೇ ಮುಂದಿನ ಮಾಲು, ನಗದು ಕೊಟ್ಟವರಿಗೆ ಕಟ್ಟಿಗೆ ಒಂದು ರೂಪಾಯಿ ರಿಯಾಯಿತಿ.

ಮಳೆ ಹೇಳಿಕೊಟ್ಟದ್ದು

ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದ ಹತ್ತು ದಿನಕ್ಕೆ ಅಂಗಡಿಗಳಿಂದ ಒಂದೇ ದೂರು ಬರಲಾರಂಭಿಸಿತು: ರೊಟ್ಟಿ ಮೆತ್ತಗಾಗಿದೆ. ಫೆಬ್ರವರಿಯಲ್ಲಿ ಇಪ್ಪತ್ತೈದು ದಿನ ಗರಿಗರಿಯಾಗಿರುತ್ತಿದ್ದ ಅದೇ ರೊಟ್ಟಿ, ಅದೇ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಐದನೆಯ ದಿನಕ್ಕೆ ಒದ್ದೆ ಕಾಗದದಂತೆ ಬಾಗುತ್ತಿತ್ತು. ತೆಳ್ಳಗಿನ ಪ್ಲಾಸ್ಟಿಕ್ ನೀರನ್ನು ತಡೆಯುತ್ತದೆ, ಗಾಳಿಯ ತೇವವನ್ನು ಪೂರ್ತಿ ತಡೆಯುವುದಿಲ್ಲ ಎಂಬುದು ನನಗೆ ತಿಳಿದದ್ದು ಆಗ. ಆ ತಿಂಗಳು ಹಿಂತಿರುಗಿ ಬಂದ ನಾನೂರಕ್ಕೂ ಹೆಚ್ಚು ಕಟ್ಟುಗಳನ್ನು ಪಕ್ಕದ ಮನೆಯ ದನಗಳು ಸಂತೋಷದಿಂದ ತಿಂದವು. ನಾನಿನ್ನೂ ನೌಕರಿಯಲ್ಲಿದ್ದುದರಿಂದ ಮನೆಯಲ್ಲಿ ಒಲೆ ಉರಿಯಿತು. ಪರಿಹಾರಕ್ಕೆ ಎರಡು ತಿಂಗಳು ಹಿಡಿಯಿತು: ಒಳಗೆ ಲೋಹದ ತೆಳು ಲೇಪವಿರುವ ದಪ್ಪ ಲ್ಯಾಮಿನೇಟ್ ಚೀಲ, ಅದರ ಬಾಯಿ ಮುಚ್ಚಲು ಶಾಖ ನಿಯಂತ್ರಿಸಬಲ್ಲ ಸೀಲಿಂಗ್ ಯಂತ್ರ, ರೊಟ್ಟಿಯನ್ನು ಕಾವಲಿಯಿಂದ ಇಳಿಸಿ ಪೂರ್ತಿ ತಣಿಯುವ ಮೊದಲೇ ಚೀಲಕ್ಕೆ ಹಾಕುವ ಹೊಸಬರ ಅವಸರಕ್ಕೆ ತಡೆ, ಮತ್ತು ರಟ್ಟಿನ ಪೆಟ್ಟಿಗೆಗಳನ್ನು ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲಿಡುವ ಕ್ರಮ. ಮೇಲಿನ ಲೆಕ್ಕದಲ್ಲಿ ಪ್ಯಾಕಿಂಗಿಗೆ ಐದು ರೂಪಾಯಿ ಎಂದಿರುವುದು ಈ ಚೀಲ ಬಂದ ಮೇಲಿನದು. ಅದಕ್ಕೂ ಮೊದಲು ಎರಡು ರೂಪಾಯಿ ಇತ್ತು.

ಬೇಡಿಕೆಯೂ ಮಳೆಗಾಲದಲ್ಲಿ ತನ್ನದೇ ದಾರಿ ಹಿಡಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವುದರಿಂದ ಮಲ್ಪೆಯಲ್ಲೂ ಮಂಗಳೂರಿನ ಬಂದರಿನಲ್ಲೂ ಕೂಲಿ, ಲಾರಿ, ಮಂಜುಗಡ್ಡೆ, ಚಹಾದಂಗಡಿ ಎಲ್ಲದರ ಹಣದ ಓಟ ತಗ್ಗುತ್ತದೆ. ಶಾಲೆ ಆರಂಭದ ಶುಲ್ಕ, ಪುಸ್ತಕ, ಕೊಡೆಗಳಿಗೆ ಮನೆಗಳ ಹಣ ಹೋಗಿರುತ್ತದೆ. ತುಳುವರ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮದುವೆಗಳಿಲ್ಲ. ಆದರೆ ಮೀನು ದುಬಾರಿಯಾಗುವ ಆ ಎರಡು ತಿಂಗಳಲ್ಲಿ ಕೋಳಿ ತಿನ್ನುವವರು ಹೆಚ್ಚಾಗಿ ನನ್ನ ರೊಟ್ಟಿ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹೋಯಿತು, ಆಟಿ ಮುಗಿದು ಅದರ ಮುಂದಿನ ತಿಂಗಳಾದ ಸೋಣ ಬಂದಾಗ ಅನೇಕ ಮನೆಗಳಲ್ಲಿ ಮಾಂಸಾಹಾರ ಬಿಡುವುದರಿಂದ ಚೌತಿಯವರೆಗೆ ಮಾರಾಟ ಅರ್ಧಕ್ಕಿಳಿಯಿತು. ಆ ಕುಸಿತವನ್ನು ಯಾವ ಅಂದಾಜು ಪಟ್ಟಿಯಲ್ಲೂ ನಾನು ಬರೆದಿರಲಿಲ್ಲ. ಈಗ ಸೋಣಕ್ಕೆಂದೇ ಹಲಸಿನ ಹಪ್ಪಳ ತರಿಸಿ ಅದೇ ಅಂಗಡಿಗಳಿಗೆ ಹಾಕುತ್ತೇನೆ. ನಿಮ್ಮ ವ್ಯಾಪಾರ ಕಟ್ಟಡ ಸಾಮಗ್ರಿಯದಾಗಿದ್ದರೆ, ಪ್ರವಾಸಿಗರನ್ನು ಅವಲಂಬಿಸಿದ್ದರೆ, ಕೊಲ್ಲಿ ದೇಶಗಳಿಂದ ರಜೆಗೆ ಬರುವವರನ್ನು ನೆಚ್ಚಿದ್ದರೆ ಏರಿಳಿತದ ತಿಂಗಳುಗಳು ಬೇರೆಯಾಗುತ್ತವೆ. ಉಡುಪಿಯ ರಥಬೀದಿ ಸುತ್ತಲಿನವರಿಗೆ ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯದ, ಅಂದರೆ ಕೃಷ್ಣಮಠದ ಪೂಜಾಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವದ ಲೆಕ್ಕವೂ ಸೇರುತ್ತದೆ. ಪರ್ಯಾಯದ ವರ್ಷದ ಜನವರಿಯನ್ನು ಸಾಮಾನ್ಯ ಜನವರಿಯೆಂದು ತಿಳಿದು ಮುಂದಿನ ವರ್ಷಕ್ಕೆ ಮಾಲು ತುಂಬಿಸಿಟ್ಟವರನ್ನು ನಾನು ಕಂಡಿದ್ದೇನೆ.

ಸಾಲ, ಸಹಾಯಧನ, ಪಹಣಿ

ಬ್ಯಾಂಕುಗಳ ತವರೆನಿಸಿದ ಜಿಲ್ಲೆಗಳಲ್ಲಿ ಸಾಲ ಸುಲಭವಾಗಿ ಸಿಗಬೇಕೆಂದು ನಾವು ಅಂದುಕೊಳ್ಳುತ್ತೇವೆ. ನನ್ನ ಮೊದಲ ಅರ್ಜಿ ಒಂದು ಶಾಖೆಯಲ್ಲಿ ನಾಲ್ಕು ತಿಂಗಳು ಧೂಳು ತಿಂದು ಹಿಂತಿರುಗಿತು. ಕಾರಣ ಕೇಳಿದಾಗ ಹೊರಬಿದ್ದದ್ದು ಪಹಣಿಯ ವಿಷಯ: ಅಡಮಾನಕ್ಕೆ ತೋರಿಸಿದ ಜಾಗ ಕುಟುಂಬದ ಹನ್ನೊಂದು ಮಂದಿಯ ಜಂಟಿ ಹೆಸರಿನಲ್ಲಿತ್ತು, ಅವರಲ್ಲಿ ಇಬ್ಬರು ತೀರಿಕೊಂಡಿದ್ದರು, ಮೂವರು ಮುಂಬೈಯಲ್ಲಿದ್ದರು. ಕೂಡುಕುಟುಂಬದ, ಅದರಲ್ಲೂ ಹೆಣ್ಣಿನ ಕಡೆಯಿಂದ ಹಕ್ಕು ಸಾಗುವ ಅಳಿಯಸಂತಾನದ ಆಸ್ತಿಯನ್ನು ನೆಚ್ಚಿ ಯೋಜನೆ ಹಾಕುವವರು ಮೊದಲು ಪಹಣಿ ತೆಗೆದು ನೋಡಿರಿ. ನಾನು ಶಾಖೆಯ ಮೇಲೆ ಸಿಟ್ಟಾದದ್ದು ನಿಜ, ಆದರೆ ಆ ಕಾಗದವನ್ನು ಮೊದಲೇ ಓದದೇ ಇದ್ದ ತಪ್ಪು ನನ್ನದೇ. ಸಣ್ಣ ಉದ್ಯಮಗಳಿಗೆ ಒಂದು ಮಿತಿಯವರೆಗಿನ (ಆಗ ಅದು 10 ಲಕ್ಷ ರೂಪಾಯಿ) ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳಬಾರದೆಂಬ ರಿಸರ್ವ್ ಬ್ಯಾಂಕಿನ ನಿರ್ದೇಶನವೂ, ಅಂಥ ಸಾಲಗಳಿಗೆ ಸರಕಾರಿ ಖಾತರಿ ನಿಧಿಯೂ ಇವೆ ಎಂಬುದು ಎರಡನೆಯ ಅರ್ಜಿಯ ಹೊತ್ತಿಗೆ ನನಗೆ ಗೊತ್ತಾಗಿತ್ತು.

2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ ಎಂಬ ಹಂತಗಳಿವೆ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ ಇನ್ನೊಂದು ಹಂತವನ್ನು 2024ರಲ್ಲಿ ಸೇರಿಸಲಾಯಿತು. ಇದರಲ್ಲಿ ಸಹಾಯಧನವಿಲ್ಲ. ಸಹಾಯಧನ ಬೇಕಾದವರು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಪಿಎಂಇಜಿಪಿಯನ್ನು ವಿಚಾರಿಸುತ್ತಾರೆ. ಅದರಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನಾ ವೆಚ್ಚಕ್ಕೆ, ವರ್ಗ ಮತ್ತು ಸ್ಥಳವನ್ನು ಹೊಂದಿಕೊಂಡು ಶೇಕಡಾ 15ರಿಂದ 35ರವರೆಗೆ ಸಹಾಯಧನ ನಿಗದಿಯಾಗಿದೆ. ಇಲ್ಲಿ ಎರಡು ಸೂಕ್ಷ್ಮಗಳನ್ನು ಅರ್ಜಿ ಬರೆದುಕೊಡುವವರು ಹೇಳುವುದಿಲ್ಲ. ಸಹಾಯಧನ ನಿಮ್ಮ ಕೈಗೆ ನಗದಾಗಿ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಇನ್ನೊಂದು, ಈ ಯೋಜನೆ ಹೊಸ ಘಟಕಗಳಿಗೆ ಮಾತ್ರ. ಮೊದಲೇ ಶೆಡ್ಡು ಹಿಡಿದು ಯಂತ್ರ ಹಾಕಿ ಘಟಕ ನಡೆಸುತ್ತಿದ್ದರೆ ಅನರ್ಹರಾಗುತ್ತೀರಿ. ಪ್ರಯೋಗದ ಅವಧಿಯಲ್ಲಿ ಬೇರೆಯವರ ಘಟಕದಲ್ಲಿ ಮಾಡಿಸಿ ಮಾರುವುದು ಅಗ್ಗವಷ್ಟೇ ಅಲ್ಲ, ಈ ಕಾರಣಕ್ಕೂ ಜಾಣತನದ್ದು. ಯೋಜನೆಗಳ ಅವಧಿ, ಮಿತಿಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ತಿಂಗಳಲ್ಲೇ ಮಂಗಳೂರಿನವರು ಯೆಯ್ಯಾಡಿಯ, ಉಡುಪಿಯವರು ಮಣಿಪಾಲದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಸ್ವತಃ ಹೋಗಿ ಕೇಳುವುದು ಒಳ್ಳೆಯದು. ದಲ್ಲಾಳಿಗಳಿಗೆ ಕೊಡುವ ಹಣದಲ್ಲಿ ಒಂದು ಸೀಲಿಂಗ್ ಯಂತ್ರ ಬರುತ್ತದೆ.

ಸಾಲ ಸಿಕ್ಕಿದ ಮೇಲೆ ಕಂತು ಕಟ್ಟಲು ನಾನು ಅನುಸರಿಸುವ ಕ್ರಮ ಹಳೆಯದು. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ಪಿಗ್ಮಿ ಎಂಬ ಪದ ನಮ್ಮ ಸಹಕಾರಿ ಸಂಘಗಳಲ್ಲಿ ಇನ್ನೂ ದಿನನಿತ್ಯದ್ದು. ತಿಂಗಳ ಕೊನೆಗೆ 8,000 ಹೊಂದಿಸುವುದು ಕಷ್ಟ, ದಿನಕ್ಕೆ 320 ತೆಗೆದಿಡುವುದು ಕಷ್ಟವಲ್ಲ. ಪಿಗ್ಮಿಯಾತ ಸಂಜೆ ಐದಕ್ಕೆ ಬಾಗಿಲಲ್ಲಿ ನಿಂತಾಗ ಇಲ್ಲವೆನ್ನಲು ಮುಜುಗರವಾಗುತ್ತದೆ. ಆ ಮುಜುಗರವೇ ನನ್ನ ಸಾಲದ ಕಂತುಗಳನ್ನು ಕಾಪಾಡಿದೆ.

ಕಾಗದಪತ್ರ

ಇದರ ಬಗ್ಗೆ ಹೆದರಿಕೆ ಹೆಚ್ಚು, ಕೆಲಸ ಕಡಿಮೆ. ಒಬ್ಬರೇ ಆಗಿದ್ದರೆ ಏಕಮಾಲೀಕತ್ವದಲ್ಲಿ ಆರಂಭಿಸುವುದು ಸಾಕು. ಭಾವನೋ ಗೆಳೆಯನೋ ಜೊತೆಯಾಗುವುದಾದರೆ ಪಾಲುದಾರಿಕೆ ಪತ್ರ ಬರೆದು ನೋಂದಾಯಿಸಿ. 1932ರ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದ ಸಂಸ್ಥೆಗೆ ಬಾಕಿದಾರರ ಮೇಲೆ ದಾವೆ ಹೂಡುವ ಹಕ್ಕಿಲ್ಲ. ಸಣ್ಣ ಉದ್ಯಮವೆಂದು ಸರಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಆಧಾರ್ ಆಧಾರಿತ, ಸಂಪೂರ್ಣ ಉಚಿತ; ಹಣ ಕೇಳುವ ಜಾಲತಾಣಗಳು ಸರಕಾರದ್ದಲ್ಲ. ಪಾಲಿಕೆ, ನಗರಸಭೆ ಅಥವಾ ಗ್ರಾಮ ಪಂಚಾಯತಿನ ವ್ಯಾಪಾರ ಪರವಾನಗಿ ಬೇಕು, ತಿನ್ನುವ ಪದಾರ್ಥವಾದರೆ ಎಷ್ಟೇ ಸಣ್ಣದಾದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ರಾಜ್ಯದೊಳಗೆ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದಾಗ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುತ್ತದೆ. ನನ್ನ ದಿನಕ್ಕೆ 250 ಕಟ್ಟಿನ ಲೆಕ್ಕದಲ್ಲಿ ವರ್ಷದ ವಹಿವಾಟು 48 ಲಕ್ಷವಾಗುವುದರಿಂದ ಅದನ್ನೂ ಮೊದಲೇ ಯೋಚಿಸಬೇಕಾಗಿತ್ತು. ಹೆಚ್ಚಿನವರು ಎಡವುವುದು ಚೀಟಿಯಲ್ಲಿ: ಪೊಟ್ಟಣದ ಮೇಲೆ ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಿಕೆಯ ದಿನಾಂಕ, ಪೂರ್ಣ ವಿಳಾಸ, ಗ್ರಾಹಕರ ದೂರಿಗೆ ಸಂಪರ್ಕ, ಹದಿನಾಲ್ಕು ಅಂಕಿಗಳ ಆಹಾರ ಪರವಾನಗಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಇರಲೇಬೇಕು. ಹತ್ತು ಸಾವಿರ ಚೀಟಿ ಅಚ್ಚು ಹಾಕಿಸುವ ಮೊದಲು ಒಂದನ್ನು ತಿಳಿದವರಿಗೆ ತೋರಿಸಿ.

ಹೆಸರಿನ ವಿಷಯದಲ್ಲಿ ಒಂದು ಮಾತು. ‘ಉಡುಪಿ’, ‘ಮಂಗಳೂರು’ ಎಂಬ ಊರಿನ ಹೆಸರುಗಳಷ್ಟನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೋದರೆ ಕೈಗೂಡುವುದು ಕಷ್ಟ. ನಿಮ್ಮದೇ ಎನ್ನಬಹುದಾದ ಒಂದು ಪದ ಹುಡುಕಿ. ಸಣ್ಣ ಉದ್ಯಮವಾಗಿ ಆನ್‌ಲೈನ್ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ.

ರಾಜೀನಾಮೆಯ ತಿಂಗಳು

ಇಷ್ಟೆಲ್ಲ ಆಗಿ, ಒಂದು ಮಳೆಗಾಲದಲ್ಲಿ ಪರಿಚಿತರಲ್ಲದವರ ಖರೀದಿಯಿಂದಲೇ ಘಟಕದ ಖರ್ಚು ಹುಟ್ಟಿದೆಯೆಂದಾದರೆ, ಮನೆಯ ಖರ್ಚಿನ ಅರ್ಧವಾದರೂ ಅದರಿಂದ ಬಂದಿದೆಯೆಂದಾದರೆ, ಕೆಲಸ ಬಿಡುವ ಸಮಯ ಬಂದಿದೆ. ಪೂರ್ತಿ ಬರುವವರೆಗೆ ಕಾಯುತ್ತೇನೆ ಎಂದವರು ಕಾಯುತ್ತಲೇ ಇರುತ್ತಾರೆ, ಏಕೆಂದರೆ ಉಳಿದ ಅರ್ಧವನ್ನು ತರುವುದು ನಿಮ್ಮ ಪೂರ್ಣ ದಿನದ ದುಡಿಮೆಯೇ. ನನ್ನ ಅನುಭವದಲ್ಲಿ ಅಕ್ಟೋಬರ್ ಒಳ್ಳೆಯ ತಿಂಗಳು: ಮುಂದಿನ ಎಂಟು ತಿಂಗಳು ಒಣ ಹವೆ, ವ್ಯಾಪಾರದ ಋತು, ಹೊಸ ಅಂಗಡಿಗಳನ್ನು ಹುಡುಕಲು ಬಿಡುವು. ಅದೇ ಏಪ್ರಿಲಿನಲ್ಲಿ ಬಿಟ್ಟರೆ ಎರಡೇ ತಿಂಗಳಿಗೆ ಜೂನ್ ಎದುರಾಗುತ್ತದೆ.

ಬಿಡುವ ಮೊದಲು ಕ್ಯಾಲೆಂಡರ್ ನೋಡಿ. ಐದು ವರ್ಷದ ನಿರಂತರ ಸೇವೆಗೆ ಎರಡು ತಿಂಗಳು ಬಾಕಿಯಿದ್ದರೆ ಗ್ರಾಚ್ಯುಯಿಟಿಗಾಗಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಂಸ್ಥೆ ಕೊಡುವ ಇಡುಗಂಟು) ಆ ಎರಡು ತಿಂಗಳು ನಿಲ್ಲುವುದು ಲಾಭಕರ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಿದರೆ ಮೊತ್ತ ಸಿಗುತ್ತದೆ. 26,000 ರೂಪಾಯಿ ವೇತನಕ್ಕೆ ಹದಿಮೂರು ವರ್ಷದ ಸೇವೆಯಾದರೆ 1,95,000. ಭವಿಷ್ಯನಿಧಿಯನ್ನು ಬಂಡವಾಳವೆಂದು ಮುಟ್ಟುವ ಆಸೆ ಎಲ್ಲರಿಗೂ ಆಗುತ್ತದೆ. ಒಟ್ಟು ಹತ್ತು ವರ್ಷದ ಸದಸ್ಯತ್ವ ಪೂರೈಸಿದವರಿಗೆ 58ನೇ ವಯಸ್ಸಿನಿಂದ ಪಿಂಚಣಿಯ ಹಕ್ಕಿದೆಯೆಂಬುದನ್ನೂ, ಐದು ವರ್ಷದ ಸೇವೆಗೆ ಮೊದಲು ತೆಗೆದ ಹಣಕ್ಕೆ ತೆರಿಗೆ ಬೀಳುತ್ತದೆಂಬುದನ್ನೂ ತಿಳಿದುಕೊಂಡು ಆಮೇಲೆ ತೀರ್ಮಾನಿಸಿ. ನಾನು ಅದನ್ನು ಮುಟ್ಟಲಿಲ್ಲ. ಅದರ ಬದಲು ಗ್ರಾಚ್ಯುಯಿಟಿ ಹಣದಿಂದ ಉದ್ರಿಯ ಹೊಂಡವನ್ನು ತುಂಬಿಸಿಕೊಂಡೆ.

ರಾಜೀನಾಮೆ ಪತ್ರ ಎರಡು ಸಾಲಿನದ್ದಿರಲಿ, ನೋಟಿಸ್ ಅವಧಿಯನ್ನು ಪೂರ್ತಿ ದುಡಿಯಿರಿ. ಹಳೆಯ ಕಚೇರಿಯ ಕ್ಯಾಂಟೀನಿನವರೇ ಈಗ ಪ್ರತಿ ಬುಧವಾರ ನನ್ನಿಂದ ನಲವತ್ತು ಕಟ್ಟು ರೊಟ್ಟಿ ತರಿಸಿಕೊಳ್ಳುತ್ತಾರೆ. ಕೊನೆಯ ದಿನ ಹೊರಡುವ ಮೊದಲು ಬಿಡುಗಡೆ ಪತ್ರ, ಅನುಭವ ಪತ್ರ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಕೈಗೆ ತೆಗೆದುಕೊಳ್ಳಿ, ಭವಿಷ್ಯನಿಧಿ ಖಾತೆಯಲ್ಲಿ ನಿರ್ಗಮನದ ದಿನಾಂಕ ದಾಖಲಾಗಿದೆಯೇ ಎಂದು ಒಂದು ತಿಂಗಳ ಮೇಲೆ ಪರಿಶೀಲಿಸಿ. ನನ್ನದರಲ್ಲಿ ಆ ದಿನಾಂಕ ಹಾಕಲು ಮರೆತಿದ್ದರು, ಅದನ್ನು ಸರಿಪಡಿಸಿಕೊಳ್ಳಲು ರೊಟ್ಟಿಯ ಪೆಟ್ಟಿಗೆ ಕಟ್ಟಿದ ಸ್ಕೂಟರಿನಲ್ಲಿಯೇ ನಾಲ್ಕು ಸಲ ಆ ಮೆಟ್ಟಿಲು ಹತ್ತಬೇಕಾಯಿತು.